ಪೆಟ್ಟಿಗೆಯ ಕಡಲಿಗೆ ಉಸಿರು

ಜೀವವನ್ನು ಅಲಂಕಾರಕ್ಕಾಗಿ ಮನೆಗೆ ತರುವುದು ಸುಲಭ. ಅದರ ಉಸಿರಿಗೆ ಹೊಣೆಯಾಗುವುದು ಕಷ್ಟ. ಕಡಲಿನಿಂದ ದೂರವಾದ ಟಿಟ್ವಾಳಾದಲ್ಲಿ ಉಪ್ಪುನೀರಿನ ಮೀನು ಸಾಕುವವರು ಲೀಟರಿಗೆ ಸುಮಾರು 35 ಗ್ರಾಂ ಲವಣ ಬೆರೆಸಿ, ಗಾಜಿನ ಪೆಟ್ಟಿಗೆಯಲ್ಲಿ ಕಡಲನ್ನೇ ನಿರ್ಮಿಸಬೇಕಾಗುತ್ತದೆ. ಆ ಕಡಲಿನ ಅಲೆ ವಿದ್ಯುತ್ ಪಂಪು.

2020ರ ಅಕ್ಟೋಬರ್ 12ರಂದು ಕಳವಾ-ಪಡಘಾ ವಿದ್ಯುತ್ ಮಾರ್ಗದ ವೈಫಲ್ಯದಿಂದ ಮುಂಬಯಿ, ಠಾಣೆ ಪ್ರದೇಶಗಳ ಬಹುಭಾಗ ಸ್ತಬ್ಧವಾಯಿತು. ಅಂಥ ದಿನ ಮೊದಲು ನಿಲ್ಲುವುದು ಆ ಅಲೆಯೇ. ಶೀತದೇಶಗಳ ಚಳಿಗಾಲದಲ್ಲಿ ನೀರು ತಣ್ಣಗಾಗಿ ಮೀನು ಸಾಯುತ್ತದೆ. ಇಲ್ಲಿಯ ಸೆಕೆಯಲ್ಲಿ ಉಸಿರುಗಟ್ಟಿ ಸಾಯುತ್ತದೆ. ಕಡಲನೀರು ಸಿಹಿನೀರಿಗಿಂತ ಸುಮಾರು ಐದನೆಯ ಒಂದಂಶ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಬಿಸಿಯಾದಷ್ಟೂ ಅದು ಮತ್ತೆ ಕುಗ್ಗುತ್ತದೆ. ಮಲಿನವನ್ನು ಅರಗಿಸುವ ಸೂಕ್ಷ್ಮಜೀವಿಗಳೂ ಸತ್ತರೆ ಅಮೋನಿಯಾ ಏರಿ ನೀರೇ ವಿಷವಾಗುತ್ತದೆ.

ಆ ಹೊತ್ತಿನಲ್ಲಿ ಆಹಾರ ಹಾಕಲಾಗದು. ಬ್ಯಾಟರಿಯ ಗಾಳಿಪಂಪು, ಅದಿಲ್ಲದಿದ್ದರೆ ಚೊಂಬಿನಿಂದ ನೀರನ್ನೆತ್ತಿ ಮತ್ತೆ ಮತ್ತೆ ಸುರಿಯುವ ಕೈ, ಇವೇ ಪ್ರಾಣರಕ್ಷಕ. ಇಷ್ಟನ್ನು ಮೊದಲೇ ಸಿದ್ಧಪಡಿಸಲಾರದವರು ಕಡಲಮೀನನ್ನು ಕೊಳ್ಳದಿರುವುದೇ ಧರ್ಮ. ಮನೆಯಲ್ಲಿ ವಿದ್ಯುತ್ ಯಂತ್ರದಿಂದ ಆಮ್ಲಜನಕ ಪಡೆಯುವ ರೋಗಿಯುಳ್ಳವರಿಗಂತೂ ಈ ಮುಂದಾಲೋಚನೆ ಇನ್ನಷ್ಟು ಅನಿವಾರ್ಯ. ದೀಪವಿಲ್ಲದೆ ರಾತ್ರಿ ಕಳೆಯಬಹುದು. ಉಸಿರಿಲ್ಲದೆ ಗಳಿಗೆಯೂ ಕಳೆಯದು.