ಗ್ಯಾರೇಜಿನ ಹೊಸ್ತಿಲು ದಾಟದ ಕಾನೂನು

ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಯ ಟೈರು ಬಿಚ್ಚುವವನು, ಬಾದಾಮಿಗೆ ಪ್ರವಾಸಿಗರನ್ನು ಕರೆತಂದ ಜೀಪಿನ ಬ್ರೇಕ್ ಸರಿಪಡಿಸುವವನು, ಹುನಗುಂದದ ರೈತನ ಟ್ರ್ಯಾಕ್ಟರಿಗೆ ಎಣ್ಣೆ ಬದಲಿಸುವವನು, ಬಾಗಲಕೋಟೆಯ ನವನಗರದಲ್ಲಿ ಮೋಟಾರ್ ಸೈಕಲ್ ಬಿಚ್ಚಿ ಜೋಡಿಸುವವನು- ಈ ನಾಲ್ವರ ಕಸುಬು ಒಂದೇ. ಅವರನ್ನೂ ಅವರ ಊರಿನ ನೀರನ್ನೂ ಕಾಪಾಡಬೇಕಾದ ಕಾನೂನುಗಳೂ ಒಂದೇ. ಕಾರ್ಮಿಕ ಕಾನೂನು, ಅಪಾಯಕಾರಿ ತ್ಯಾಜ್ಯ ನಿಯಮ, ಬ್ಯಾಟರಿ ನಿಯಮ, ಜಲ ಮಾಲಿನ್ಯ ಕಾಯ್ದೆ- ಪಟ್ಟಿ ದೊಡ್ಡದಿದೆ. ಆದರೆ ಮೂರು-ನಾಲ್ಕು ಜನ ದುಡಿಯುವ ಸಣ್ಣ ಗ್ಯಾರೇಜಿನ ಮಟ್ಟಿಗೆ ಇವುಗಳಲ್ಲಿ ಬಹುಪಾಲು ಕಾಗದದಲ್ಲಿಯೇ ಉಳಿದಿವೆ. ಇದಕ್ಕೆ ಅಧಿಕಾರಿಗಳ ನಿರ್ಲಕ್ಷ್ಯವೊಂದೇ ಕಾರಣವಲ್ಲ. ಕಾನೂನನ್ನು ರೂಪಿಸಿದ ರೀತಿಯಲ್ಲಿಯೇ ಸಣ್ಣ ಗ್ಯಾರೇಜು ಹೊರಗುಳಿದಿದೆ ಎಂಬುದು ಗಮನಿಸಬೇಕಾದ ಸಂಗತಿ.

ತಲೆ ಎಣಿಸುವ ಕಾನೂನು

1948ರ ಕಾರ್ಖಾನೆ ಕಾಯ್ದೆಯು ದುರಸ್ತಿ ಕೆಲಸವನ್ನೂ ಉತ್ಪಾದನಾ ಪ್ರಕ್ರಿಯೆ ಎಂದೇ ಪರಿಗಣಿಸಿತ್ತು. ವಿದ್ಯುತ್ ಬಳಸುವ ಕಡೆ 10 ಮಂದಿ, ಬಳಸದ ಕಡೆ 20 ಮಂದಿ ದುಡಿಯುತ್ತಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಅಂದರೆ ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳು ಹಾಗೂ ದೊಡ್ಡ ವರ್ಕ್‌ಶಾಪುಗಳು ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದವು, ರಸ್ತೆ ಬದಿಯ ಗ್ಯಾರೇಜು ಬರುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ಕಾರ್ಖಾನೆಯ ಈ ಮಿತಿಯನ್ನು ಕ್ರಮವಾಗಿ 20 ಮತ್ತು 40ಕ್ಕೆ ಏರಿಸಿದೆ. ಸಂಹಿತೆಯ ಸಾಮಾನ್ಯ ನಿಯಮಗಳು 10 ಮಂದಿ ಇರುವ ಸಂಸ್ಥೆಗೆ ಅನ್ವಯಿಸುತ್ತವೆಯಾದರೂ, ಹನ್ನೆರಡು-ಹದಿನೈದು ಜನರಿರುವ ವರ್ಕ್‌ಶಾಪು ಇನ್ನು ಮುಂದೆ ಕಾರ್ಖಾನೆಯಲ್ಲ.

ಆದರೆ ಅಪಾಯವು ತಲೆ ಎಣಿಸಿ ಬರುವುದಿಲ್ಲ. ಜಾಕಿ ಜಾರಿದರೆ ಕೆಳಗೆ ಮಲಗಿದವನು ಒಬ್ಬನೇ ಇದ್ದರೂ ಸಾಕು. ಹಳೆಯ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ ಮಿತಿಗಿಂತ ಕಡಿಮೆ ಜನರಿರುವ ಸ್ಥಳಕ್ಕೂ ಕಾಯ್ದೆಯನ್ನು ಅನ್ವಯಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿತ್ತು. ಹೊಸ ಸಂಹಿತೆಯಡಿಯೂ ಜೀವಕ್ಕೆ ಅಪಾಯವಿರುವ ಕೆಲಸ ನಡೆಯುವ ಕಡೆ ಒಬ್ಬನೇ ಕಾರ್ಮಿಕನಿದ್ದರೂ ಸುರಕ್ಷತಾ ನಿಯಮಗಳನ್ನು ಅನ್ವಯಿಸಲು ಅವಕಾಶವಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯವೇ ಹೇಳಿದೆ. ಗ್ಯಾರೇಜುಗಳ ವಿಷಯದಲ್ಲಿ ಈ ಅವಕಾಶವನ್ನು ಬಳಸುವುದು ಸರ್ಕಾರದ ಇಚ್ಛಾಶಕ್ತಿಗೆ ಸೇರಿದ್ದು.

ಕಾಣುವ ಗಾಯ, ಕಾಣದ ರೋಗ

ವಿಜಯಪುರ-ಹೊಸಪೇಟೆ ನಡುವಣ ರಾಷ್ಟ್ರೀಯ ಹೆದ್ದಾರಿ 50 ಹುನಗುಂದ ಮತ್ತು ಇಳಕಲ್ ಮಾರ್ಗವಾಗಿ ಸಾಗುತ್ತದೆ. ಭಾರಿ ಕಲ್ಲು ಹೊರುವ ಲಾರಿಯ ಟೈರಿಗೆ 100 ಪಿಎಸ್‌ಐ ಮೀರಿದ ಒತ್ತಡದಲ್ಲಿ ಗಾಳಿ ತುಂಬಬೇಕಾಗುತ್ತದೆ. ಲಾಕ್ ರಿಂಗ್ ಇರುವ ಹಳೆಯ ಮಾದರಿಯ ಡಿಸ್ಕ್‌ನಲ್ಲಿ ರಿಂಗು ಸರಿಯಾಗಿ ಕೂರದಿದ್ದರೆ ಅದು ಗುಂಡಿನಂತೆ ಸಿಡಿಯುತ್ತದೆ. ಗಾಳಿ ತುಂಬುವಾಗ ಟೈರನ್ನು ಕಬ್ಬಿಣದ ಪಂಜರದೊಳಗೆ ಇಡುವುದು, ಉದ್ದನೆಯ ಪೈಪಿನಿಂದ ದೂರ ನಿಂತು ತುಂಬುವುದು ಇದಕ್ಕಿರುವ ಸರಳ ಪರಿಹಾರ. ಅಂತಹ ಪಂಜರವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಬಹುದು. ಖಾಲಿಯಾದ ಇಂಧನ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದೂ ಅಷ್ಟೇ ಅಪಾಯಕಾರಿ. ಖಾಲಿ ಟ್ಯಾಂಕಿನಲ್ಲಿ ಎಣ್ಣೆಯಿರುವುದಿಲ್ಲ, ಅದರ ಆವಿ ಇರುತ್ತದೆ. ಸ್ಫೋಟಕ್ಕೆ ಅಷ್ಟು ಸಾಕು.

ಇವು ಕಣ್ಣಿಗೆ ಕಾಣುವ ಅಪಾಯಗಳು. ನಿಧಾನವಾಗಿ ಕೊಲ್ಲುವವು ಬೇರೆ ಇವೆ. ಕೈಗಂಟಿದ ಮಸಿಯನ್ನು ಪೆಟ್ರೋಲಿನಲ್ಲಿ ತೊಳೆಯುವುದು ಬಹುತೇಕ ಗ್ಯಾರೇಜುಗಳ ರೂಢಿ. ಪೆಟ್ರೋಲಿನಲ್ಲಿ ಕ್ಯಾನ್ಸರ್‌ಕಾರಕವೆಂದು ಸಾಬೀತಾಗಿರುವ ಬೆಂಜೀನ್ ಇದೆ. ಬ್ರೇಕ್ ಡ್ರಮ್ಮಿನ ದೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ಇನ್ನೊಂದು ರೂಢಿ. ಬ್ರೇಕ್ ಲೈನರಿನಲ್ಲಿ ಕಲ್ನಾರು ಇದ್ದರೆ ಆ ದೂಳು ನೇರವಾಗಿ ಶ್ವಾಸಕೋಶ ಸೇರುತ್ತದೆ, ರೋಗ ಹೊರಬೀಳಲು ದಶಕಗಳೇ ಹಿಡಿಯಬಹುದು. ಕಲ್ನಾರಿನ ಆಮದನ್ನು ಭಾರತ ಪೂರ್ಣವಾಗಿ ನಿಷೇಧಿಸಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ದೂಳು ಏಳುವುದಿಲ್ಲ, ಇದಕ್ಕೆ ಖರ್ಚೂ ಇಲ್ಲ. ಟಿಂಕರಿಂಗ್ ಮುಗಿಸಿ ಬಣ್ಣ ಹೊಡೆಯುವವರು ಮುಖಕ್ಕೆ ಕರವಸ್ತ್ರ ಕಟ್ಟುತ್ತಾರೆ. ಗಟ್ಟಿಕಾರಕ ಬೆರೆಸುವ ಬಣ್ಣಗಳಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕವನ್ನು ಕರವಸ್ತ್ರ ತಡೆಯಲಾರದು. ಅದರಿಂದ ಬರುವ ಅಸ್ತಮಾ ಕಸುಬನ್ನೇ ಬಿಡಿಸುತ್ತದೆ.

ಇಂತಹ ಸ್ಥಳದಲ್ಲಿ ಕೈಯಾಳಾಗಿ ಸೇರುವ ಹುಡುಗರ ವಯಸ್ಸು ಎಷ್ಟು ಎಂಬುದು ಮತ್ತೊಂದು ಪ್ರಶ್ನೆ. ಮಕ್ಕಳನ್ನು ದುಡಿಸಬಾರದ ಉದ್ಯೋಗಗಳ ಪಟ್ಟಿಯಲ್ಲಿ ಆಟೊಮೊಬೈಲ್ ವರ್ಕ್‌ಶಾಪ್ ಹಾಗೂ ಗ್ಯಾರೇಜುಗಳ ಹೆಸರು 2016ರ ತಿದ್ದುಪಡಿಗೂ ಮುನ್ನವೇ ಇತ್ತು. ಆ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. 'ಕಸುಬು ಕಲಿಯಲು ಬಂದಿದ್ದಾನೆ' ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಎಣ್ಣೆ ಹೋಗುವುದೆಲ್ಲಿಗೆ?

ಒಂದು ಮೋಟಾರ್ ಸೈಕಲ್ಲಿನಿಂದ ಸುಮಾರು ಒಂದು ಲೀಟರ್ ಹಳೆಯ ಎಂಜಿನ್ ಎಣ್ಣೆ ಇಳಿಯುತ್ತದೆ. ದಿನಕ್ಕೆ ಹತ್ತು ವಾಹನಗಳ ಎಣ್ಣೆ ಬದಲಿಸುವ ಗ್ಯಾರೇಜು ವರ್ಷಕ್ಕೆ 300 ದಿನ ಕೆಲಸ ಮಾಡಿದರೆ 3000 ಲೀಟರ್ ಆಯಿತು. ಲಾರಿ, ಟ್ರ್ಯಾಕ್ಟರುಗಳ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಈ ಎಣ್ಣೆ ಎಲ್ಲವೂ ಚರಂಡಿಗೆ ಹೋಗುತ್ತದೆ ಎನ್ನುವುದು ತಪ್ಪು. ಅದಕ್ಕೆ ಬೆಲೆಯಿದೆ. ಸೆಂಟ್ರಿಂಗ್ ಹಲಗೆಗೆ ಬಳಿಯಲು, ಮರಕ್ಕೆ ಗೆದ್ದಲು ಹತ್ತದಂತೆ ಸವರಲು, ಭಟ್ಟಿಗಳಲ್ಲಿ ಉರಿಸಲು ಅದನ್ನು ಕೊಳ್ಳುವವರಿದ್ದಾರೆ. ಉರಿಸಿದರೆ ಅದರಲ್ಲಿನ ಲೋಹದ ಅಂಶ ಗಾಳಿಗೆ ಸೇರುತ್ತದೆ. ಬಳಿದರೆ ಮಳೆಯಲ್ಲಿ ತೊಳೆದು ಮಣ್ಣಿಗೆ ಸೇರುತ್ತದೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಅಧಿಕೃತ ಮರುಬಳಕೆದಾರರಿಗೆ ಮಾತ್ರ ಕೊಡಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಉದ್ದಿಮೆಗಳನ್ನು ವರ್ಗೀಕರಿಸಿದಾಗ ವಾಹನ ಸರ್ವಿಸ್, ದುರಸ್ತಿ ಮತ್ತು ಪೇಂಟಿಂಗನ್ನು ಕಿತ್ತಳೆ ವರ್ಗದಲ್ಲಿ ಇರಿಸಿತ್ತು. ನಿಯಮದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ವ್ಯವಸ್ಥೆಯಲ್ಲಿ. ಅಧಿಕೃತ ಮರುಬಳಕೆದಾರನಿಗೆ ಬೇಕಾದುದು ಟ್ಯಾಂಕರ್ ತುಂಬ ಎಣ್ಣೆ. ಸಣ್ಣ ಗ್ಯಾರೇಜಿನಲ್ಲಿರುವುದು ಅರ್ಧ ಡ್ರಮ್ಮು. ಅದನ್ನು ಒಯ್ಯಲು ಗುಜರಿಯವನು ಬರುತ್ತಾನೆ, ನಗದು ಕೊಡುತ್ತಾನೆ, ಕಾಗದಪತ್ರ ಕೇಳುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿದ್ದರೂ ಹಳೆಯ ಬ್ಯಾಟರಿಗಳ ಹಾದಿ ಇದಕ್ಕಿಂತ ಬಹಳ ಭಿನ್ನವಲ್ಲ.

ಬಾಗಲಕೋಟೆ ಜಿಲ್ಲೆಗೆ ಇದು ಸಣ್ಣ ಪ್ರಶ್ನೆಯಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಹರಿಯುವ ಜಿಲ್ಲೆಯಿದು. ಬಾಗಲಕೋಟೆ ನಗರದ ಒಂದು ಭಾಗವನ್ನೇ ನುಂಗಿದ ಆಲಮಟ್ಟಿಯ ಹಿನ್ನೀರು ಊರಿನ ಅಂಚಿನಲ್ಲಿಯೇ ನಿಂತಿದೆ. ನಿಂತ ನೀರಿಗೆ ಸೇರಿದ್ದು ಬೇಗ ಹೊರಹೋಗುವುದಿಲ್ಲ. ಬಾದಾಮಿ ಮತ್ತು ಹುನಗುಂದದ ಕಡೆ ಹರಿಯುವ ಮಲಪ್ರಭೆ ಬೇಸಿಗೆಯಲ್ಲಿ ಸೊರಗುವ ನದಿ. ನೀರು ಕಡಿಮೆಯಾದಷ್ಟೂ ಕೊಳೆಯ ಪ್ರಮಾಣ ಹೆಚ್ಚುತ್ತದೆ. ಒಮ್ಮೆ ಬದಲಿಸಿದ ಎಂಜಿನ್ ಎಣ್ಣೆಯು ತನ್ನ ಹತ್ತು ಲಕ್ಷ ಪಟ್ಟು ಸಿಹಿನೀರನ್ನು ಕೆಡಿಸಬಲ್ಲದು ಎಂಬ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು.

ದಂಡಕ್ಕೆ ಮೊದಲು ದಾರಿ

ಹಾಗಾದರೆ ದಾಳಿ ನಡೆಸಿ ಬಾಗಿಲು ಹಾಕಿಸಬೇಕೆ? ಅದು ಸುಲಭದ ಉತ್ತರ, ಸರಿಯಾದ ಉತ್ತರವಲ್ಲ. 2024ರ ಏಪ್ರಿಲ್ 1ರಿಂದ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಾಗಿದೆ. ದೊಡ್ಡ ಕಾರ್ಖಾನೆಗೆ ಇದು ವ್ಯವಹಾರದ ಖರ್ಚು. ಸಣ್ಣ ಗ್ಯಾರೇಜಿಗೆ ಕನಿಷ್ಠ ದಂಡವೇ ಹೊರೆ. ಬಾಗಿಲು ಹಾಕಿಸಿದರೆ ಕಸುಬು ನಿಲ್ಲುವುದಿಲ್ಲ, ಇನ್ನೊಂದು ರಸ್ತೆಯ ಬೇವಿನ ಮರದಡಿ ಆರಂಭವಾಗುತ್ತದೆ.

ದಾರಿ ಬೇರೆಡೆ ಇದೆ. 2023ರಲ್ಲಿ ತಿದ್ದುಪಡಿಯಾದ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ, 2024ರ ಏಪ್ರಿಲ್‌ನಿಂದ ಎಂಜಿನ್ ಎಣ್ಣೆ ತಯಾರಿಸುವ ಹಾಗೂ ಆಮದು ಮಾಡುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆ ಹೊರಬೇಕು. ಗುರಿಯು ವರ್ಷದಿಂದ ವರ್ಷಕ್ಕೆ ಏರುತ್ತದೆ. ಅಂದರೆ ಹಳೆಯ ಎಣ್ಣೆ ಕಂಪನಿಗಳಿಗೂ ಬೇಕಾಗಿದೆ. ನಗರಸಭೆ, ಪುರಸಭೆಗಳು ಜಾಗ ಕೊಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ನೀಡಿ, ಬಾಗಲಕೋಟೆ ಹಾಗೂ ಇಳಕಲ್ಲಿನಲ್ಲಿ ಒಂದೊಂದು ಸಂಗ್ರಹ ಕೇಂದ್ರ ತೆರೆದರೆ ಅರ್ಧ ಡ್ರಮ್ಮುಗಳು ಸೇರಿ ಟ್ಯಾಂಕರ್ ಆಗುತ್ತವೆ. ಗುಜರಿಯವನಿಗಿಂತ ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ ಕಾನೂನಿನ ಪಾಲನೆ ತಾನಾಗಿಯೇ ಆಗುತ್ತದೆ. ಎಣ್ಣೆಗೆ ನೀರು, ಪೆಟ್ರೋಲ್ ಬೆರೆಸದೆ ಪ್ರತ್ಯೇಕವಾಗಿ ಇಡುವುದಷ್ಟೇ ಗ್ಯಾರೇಜಿನವರ ಹೊಣೆ.

ಗ್ಯಾರೇಜುಗಳಿಗೆ ಒಂದು ನೆಲೆಯೂ ಬೇಕು. ಆಂಧ್ರದ ವಿಜಯವಾಡದಲ್ಲಿ 1960ರ ದಶಕದಲ್ಲಿಯೇ ಆಟೊ ನಗರ ನಿರ್ಮಿಸಿ ವಾಹನ ದುರಸ್ತಿ ಕಸುಬನ್ನು ಒಂದೆಡೆ ತರಲಾಯಿತು. ಸೆಕ್ಟರುಗಳ ಲೆಕ್ಕದಲ್ಲಿ ಹೊಸದಾಗಿ ಕಟ್ಟಿದ ನವನಗರದಂತಹ ಊರಿಗೆ ಇದು ಅಸಾಧ್ಯವೇನಲ್ಲ. ಒಂದೆಡೆ ಸೇರಿದರೆ ಎಣ್ಣೆ ಬೇರ್ಪಡಿಸುವ ತೊಟ್ಟಿ, ಬಣ್ಣ ಹೊಡೆಯುವ ಕೊಠಡಿ, ಟೈರಿನ ಪಂಜರ ಎಲ್ಲರಿಗೂ ಒಂದೇ ಆಗುತ್ತದೆ.

ಇನ್ನು ಕಾರ್ಮಿಕನ ಹಕ್ಕು. ವಾಹನ ದುರಸ್ತಿಯಲ್ಲಿ ತೊಡಗಿದವನಿಗೆ ಕೆಲಸದ ವೇಳೆ ಅಪಘಾತವಾದರೆ ಮಾಲೀಕನಿಂದ ಪರಿಹಾರ ಪಡೆಯುವ ಹಕ್ಕನ್ನು 1923ರ ಕಾಯ್ದೆಯೇ ನೀಡಿತ್ತು, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಭಾಗ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಫಲಾನುಭವಿ ವರ್ಗಗಳಲ್ಲಿ ಮೆಕ್ಯಾನಿಕ್‌ಗಳೂ ಇದ್ದಾರೆ. 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗಾಗಿ ಪ್ರತ್ಯೇಕ ಸಾಮಾಜಿಕ ಭದ್ರತಾ ಕಾಯ್ದೆಯೂ ಬಂದಿದೆ. ಅದರ ನಿಧಿಗಾಗಿ ಹೊಸ ದ್ವಿಚಕ್ರ ವಾಹನದ ನೋಂದಣಿಯ ವೇಳೆ 500 ರೂಪಾಯಿ, ಕಾರಿಗೆ 1000 ರೂಪಾಯಿ ಸೆಸ್ ವಿಧಿಸಲಾಗಿದೆ. ಹೊಸ ವಾಹನ ಕೊಳ್ಳುವ ಪ್ರತಿಯೊಬ್ಬನೂ ಈ ಕಾರ್ಮಿಕರ ಹೆಸರಿನಲ್ಲಿ ಹಣ ಕಟ್ಟುತ್ತಿದ್ದಾನೆ. ಅದು ತಲುಪಬೇಕಾದವನ ಹೆಸರು ನೋಂದಣಿ ಪುಸ್ತಕದಲ್ಲಿ ಇಲ್ಲದಿದ್ದರೆ ಕಟ್ಟಿದ ಹಣಕ್ಕೆ ಅರ್ಥವಿಲ್ಲ. ಕಾರ್ಮಿಕ ಇಲಾಖೆ ನವನಗರದ ಕಚೇರಿಯಲ್ಲಿ ಅರ್ಜಿಗಾಗಿ ಕಾಯುವ ಬದಲು ಇಳಕಲ್, ಹುನಗುಂದ, ಬಾದಾಮಿಯ ಗ್ಯಾರೇಜು ಸಾಲುಗಳಲ್ಲಿಯೇ ನೋಂದಣಿ ಶಿಬಿರ ನಡೆಸಬೇಕು. ಸೋಮವಾರ ರಜೆಯೋ ಅಮಾವಾಸ್ಯೆ ರಜೆಯೋ, ಆಯಾ ಊರಿನ ರೂಢಿ ನೋಡಿಕೊಂಡು ದಿನ ಗೊತ್ತುಮಾಡಿದರೆ ಜನ ಬಂದಾರು.

ಗ್ರಾಹಕರಿಗೂ ಒಂದು ಪಾತ್ರವಿದೆ. 'ಹಳೆಯ ಎಣ್ಣೆ ಏನು ಮಾಡುತ್ತೀರಿ?' ಎಂದು ಕೇಳಲು ಖರ್ಚಿಲ್ಲ. ಹುಬ್ಬಳ್ಳಿಯಲ್ಲಿರಲಿ, ದಾವಣಗೆರೆಯಲ್ಲಿರಲಿ, ಬಾಗಲಕೋಟೆಯಲ್ಲಿರಲಿ, ಉತ್ತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆ ಉತ್ತರ ಬದಲಾಗಬೇಕಾದರೆ ಕಾನೂನು ತಲೆ ಎಣಿಸುವುದನ್ನು ಬಿಟ್ಟು ಅಪಾಯವನ್ನು ಎಣಿಸಬೇಕು. ನೋಟಿಸಿಗೆ ಮೊದಲು ಡ್ರಮ್ಮು, ದಂಡಕ್ಕೆ ಮೊದಲು ಕಾರ್ಮಿಕನ ಕಾರ್ಡು ಗ್ಯಾರೇಜಿನ ಬಾಗಿಲಿಗೆ ಬರಬೇಕು.