ಶಿಬಿರಾಗ್ನಿಯ ಪ್ರಹಸನವೂ ನಮ್ಮ ತಾಳಮದ್ದಳೆಯೂ

ಗೈಡ್ಸ್ ಶಿಬಿರದ ಕಡೆಯ ರಾತ್ರಿಗೆ ತಾಯಿತಂದೆಗಳನ್ನು ಕರೆದು ಕೇವಲ ಪ್ರೇಕ್ಷಕರನ್ನಾಗಿ ಕುಳ್ಳಿರಿಸುವದು ನಮಗೆ ಸರಿಕಾಣದು. ಮಗಳು ಉರುಹೊಡೆದ ಮಾತನ್ನು ಒಪ್ಪಿಸುವಳು. ತಂದೆಯವರು ಮೊಬೈಲನ್ನೆತ್ತಿ ಚಿತ್ರ ತೆಗೆಯುವರು. ತಾಯಿಯವರು ಹಿಂದಿನ ಸಾಲಿನಲ್ಲಿ ಮೌನವಾಗಿರುವರು. ಒಂದೇ ಬೆಂಕಿಯ ಸುತ್ತ ಕುಳಿತೂ ಇವರು ಕೂಡಿದಂತಾಗಲಿಲ್ಲ.

ಪ್ರಹಸನದಲ್ಲಿ ಸೇರಿರೆಂದರೆ ತಾಯಂದಿರು ಹಿಂಜರಿಯುವದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಅವರ ಕೈಗೆ ಬರೆದ ಕಾಗದವನ್ನು ಕೊಡುವದುಂಟು. ಓದು ಬಾರದವರೂ ಗ್ರಾಂಥಿಕ ಕನ್ನಡದಲ್ಲಿ ನಾಲಿಗೆ ತಡವರಿಸುವವರೂ "ನನ್ನಿಂದಾಗ್ಲಿಕ್ಕಿಲ್ಲ ಟೀಚರೇ" ಎಂದು ಸರಿದು ನಿಲ್ಲುವರು. ಮನೆಯಲ್ಲಿ ಅವರಷ್ಟು ಚೆನ್ನಾಗಿ ಕಥೆ ಹೇಳುವವರು ಬೇರೆ ಇರಲಿಕ್ಕಿಲ್ಲ!

ಪುತ್ತೂರು, ಸುಳ್ಯ, ಕಡಬ ಸೀಮೆಯವರು ಇದಕ್ಕೆ ಉಪಾಯವನ್ನು ದೂರ ಹುಡುಕಬೇಕಾದದ್ದಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಇಲ್ಲಿ ತಾಳಮದ್ದಳೆಗಳು ಜರಗುವವಷ್ಟೆ. ಅಲ್ಲಿ ವೇಷವಿಲ್ಲ, ಪರದೆಯಿಲ್ಲ. ಪದ್ಯವನ್ನು ಭಾಗವತರು ಹಾಡುವರು. ಮಾತನ್ನು ಅರ್ಥಧಾರಿಗಳು ಕುಳಿತಲ್ಲೇ ಕಟ್ಟುವರು. ಪ್ರಸಂಗದ ನಡೆ ಎಲ್ಲರಿಗೂ ಗೊತ್ತು, ಮುಂದಿನ ಮಾತು ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರನ್ನು ಕೇಳಲು ಜನರು ನಿದ್ದೆಗೆಟ್ಟು ಕುಳಿತದ್ದು ಆ ಹೊಸ ಮಾತಿಗಾಗಿಯೇ. ಶಿಬಿರದ ಪದ್ಧತಿಯು ಬೇಡನ್ ಪವೆಲರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಿಂದ ಬಂದದ್ದಾದರೂ, ಬೆಂಕಿಯ ಮುಂದಣ ಆಟವೂ ಅಲ್ಲಿನದೇ ಆಗಬೇಕೆಂಬ ಕಟ್ಟಳೆಯಿಲ್ಲ.

ಆದಕಾರಣ ಆರೇಳು ಜನರ ಗುಂಪಿಗೆ ಸಂಜೆ ಕಥೆಯ ಎಳೆಯನ್ನು ಮಾತ್ರ ತಿಳಿಸತಕ್ಕದ್ದು: ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ಮೋಡ ಕವಿದಿದೆ, ಯಜಮಾನರು ಪೇಟೆಗೆ ಹೋಗಿದ್ದಾರೆ, ಅಷ್ಟರಲ್ಲಿ ನೆಂಟರು ಬಂದರು. ಮೊದಲೂ ಕಡೆಯೂ ನಿಶ್ಚಯವಾದರೆ ನಡುವಣ ಮಾತು ತಾನೇ ಬರುವದು; ತುಳುವಿನಲ್ಲಿ ಬರಲಿ, ಸುಳ್ಯದ ಅರೆಭಾಷೆಯಲ್ಲಿ ಬರಲಿ. ತಂದೆಯವರು ಮಗಳ ಪಾತ್ರವನ್ನೂ ಮಗಳು ತಂದೆಯ ಪಾತ್ರವನ್ನೂ ವಹಿಸಿದರೆ ಇನ್ನೂ ಒಳ್ಳೆಯದು. "ಮಂಗಳೂರಿಗೆ ಹೋಗಿ ಮುಂದೆ ಓದುತ್ತೇನೆ" ಎಂಬ ಮಾತನ್ನು ತಂದೆಯವರೇ ಮಗಳಾಗಿ ಒಮ್ಮೆ ಆಡಿದರೆ ಅದು ಅವರ ಕಿವಿಗೂ ಬೀಳುವದಲ್ಲವೆ? (ಕೆಲವರ ಕಿವಿಗೆ ಬೇರೆ ದಾರಿಯಿಂದ ಬಿದ್ದದ್ದಿಲ್ಲ.)

ಬರೆದು ಕೊಡದಿದ್ದರೆ ಮಾತು ಹದ ತಪ್ಪೀತೆಂದು ನಮ್ಮ ಉಪಾಧ್ಯಾಯಿನಿಯರಲ್ಲಿ ಕೆಲವರು ಹೇಳುವರು. ಭಯವು ಸುಳ್ಳಲ್ಲ. ಜಾತಿ, ಮೈಬಣ್ಣ, ಉಗ್ಗು, ಬಡತನ ಇವುಗಳನ್ನು ನಗೆಗೆ ಎಳೆಯಕೂಡದು, ಯಾವ ಮನೆಯ ನಿಜವಾದ ಜಗಳವನ್ನೂ ಬೆಂಕಿಯ ಮುಂದೆ ತರಕೂಡದು ಎಂದು ಸಂಜೆಯೇ ಖಂಡಿತವಾಗಿ ತಿಳಿಸಬೇಕು. ತಾಯಿತಂದೆಗಳು ಬಾರದ, ಅಥವಾ ಇಲ್ಲದ, ಹುಡುಗಿಯನ್ನು ಪಾತ್ರ ಹಂಚುವದಕ್ಕೆ ಮೊದಲೇ ಒಂದು ಕುಟುಂಬದೊಡನೆ ಸೇರಿಸಬೇಕು. ಎಲ್ಲರೂ ಜೊತೆಯಾದ ಮೇಲೆ ಉಳಿದವಳಾಗಿ ಅವಳು ನಿಲ್ಲಬಾರದು. ಉಳಿದ ನಿಯಮಗಳೆಲ್ಲ ಇದರ ಮುಂದೆ ಚಿಕ್ಕವು.

ಉರಿ ಎತ್ತರವಿರುವಾಗ ನಗೆಯ ಆಟಗಳಾಗಲಿ, ಕೆಂಡವಾದ ಮೇಲೆ ಶಾಂತವಾದ ಹಾಡುಗಳಾಗಲಿ. ಒಂದು ಆಟಕ್ಕೆ ಎಂಟು ನಿಮಿಷ ಧಾರಾಳ. ತೆಂಗಿನ ಒಣ ಮಡಲು ಭಗ್ಗನೆ ಉರಿದು ಕಿಡಿ ಹಾರಿಸುವದರಿಂದ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು. ನೀರು ತುಂಬಿದ ಕೊಡಗಳು ಹತ್ತಿರವಿರಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂಥ ಕಥೆಗಳನ್ನು ಮನೆಯ ಹಿರಿಯರಿಂದ ಕೇಳಿ ಶಾಲೆಗೆ ಬರೆದು ಕಳುಹಿಸಿದರೆ ಉಪಕಾರವಾದೀತು. ಎಳೆ ಮಾತ್ರ ಸಾಕು, ಸಂಭಾಷಣೆ ಬೇಡ.