ಹೋಲಿಸುವುದಾದರೆ ಹದಿನೆಂಟಕ್ಕೆ ಹದಿನೆಂಟು ಹೋಲಿಸಿ

2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಅಜೇಯ 404 ರನ್ ಹೊಡೆದ. ಅಂದಿನಿಂದ ನಾನು ಒಂದೇ ಮಾತು ಹೇಳುತ್ತ ಬಂದಿದ್ದೇನೆ. ಈ ಹುಡುಗನನ್ನಾಗಲಿ, ಆಮೇಲೆ ಬೆಳಕಿಗೆ ಬಂದ ಕರ್ನಾಟಕದ ಇನ್ನೊಬ್ಬ ಆಟಗಾರ ಸ್ಮರಣ್‌ನನ್ನಾಗಲಿ 'ಮುಂದಿನ ರಾಹುಲ್ ದ್ರಾವಿಡ್' ಎಂದು ಕರೆಯಬೇಡಿ. ಇಷ್ಟು ಹೇಳಿದ್ದಕ್ಕೆ ನಮ್ಮ ಮಾವಿನಕುರ್ವೆಯಿಂದ ಹೊನ್ನಾವರ ಪೇಟೆಯವರೆಗೂ ನನಗೆ ವಿರೋಧಿಗಳು ಹುಟ್ಟಿಕೊಂಡಿದ್ದಾರೆ. ದೋಣಿ ಇಳಿದವರೂ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ: "ಎಂತಕ್ಕೆ ಮಾರಾಯ್ರೆ ನಿಮಗೆ ಹುಡುಗ್ರ ಮೇಲೆ ಹೊಟ್ಟೆಯುರಿ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅವರ ಮಾತುಗಳನ್ನೆಲ್ಲ ಒಟ್ಟಿಗಿಟ್ಟು ಇಲ್ಲೇ ಉತ್ತರ ಕೊಡುತ್ತೇನೆ.

ಮೊದಲನೆಯದು ಎಲ್ಲರ ಬಾಯಲ್ಲೂ ಇರುವ ಮಾತು: ಅಂಕಿ ಸುಳ್ಳು ಹೇಳುವುದಿಲ್ಲ, 404 ಅಂದರೆ 404.

ಹೌದು. ಅದು ಅಂಡರ್-19 ಹುಡುಗರ ಕೂಚ್ ಬೆಹಾರ್ ಟ್ರೋಫಿಯ ಫೈನಲ್. ಮುಂಬೈ 380ಕ್ಕೆ ಮುಗಿಸಿದ ಮೇಲೆ ಕರ್ನಾಟಕ 8 ವಿಕೆಟ್‌ಗೆ 890 ರನ್ ಪೇರಿಸಿತು. ಪ್ರಖರ್ ಒಬ್ಬನೇ 638 ಎಸೆತ ಎದುರಿಸಿದ. ಹತ್ತೊಂಬತ್ತರೊಳಗಿನ ಹುಡುಗನೊಬ್ಬ ಅಷ್ಟು ಹೊತ್ತು ತಾಳ್ಮೆ ಕೆಡದೆ ನಿಂತನಲ್ಲ, ಅದಕ್ಕೆ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟುವವನೇ. ಆದರೆ ಆ ದಿನ ಮುರಿದು ಬಿದ್ದ ಫೈನಲ್ ದಾಖಲೆ ಯಾರದ್ದು? ಅದೇ ಟೂರ್ನಿಯ 1999ರ ಫೈನಲ್‌ನಲ್ಲಿ ಪಂಜಾಬಿನ ಪರ ಯುವರಾಜ್ ಸಿಂಗ್ ಹೊಡೆದಿದ್ದ 358. ಎದುರಿಗಿದ್ದದ್ದು ಧೋನಿ ಆಡುತ್ತಿದ್ದ ಬಿಹಾರ. ಅಷ್ಟೊಂದು ಹೊತ್ತು ಕ್ರೀಸಿನಲ್ಲಿ ನಿಂತ ಆ ಹುಡುಗ ಮುಂದೆ ಟೆಸ್ಟ್‌ನಲ್ಲಿ ಬೇರು ಬಿಡುತ್ತಾನೆ ಎಂದು ಅಂದು ಯಾರಾದರೂ ಜ್ಯೋತಿಷ್ಯ ಹೇಳಿದ್ದರೆ ತಪ್ಪೆನ್ನಲಾಗುತ್ತಿರಲಿಲ್ಲ. ಆದದ್ದು ಬೇರೆ. ಟೆಸ್ಟ್‌ನಲ್ಲಿ ಯುವರಾಜ್‌ಗೆ ಸಿಕ್ಕಿದ್ದು 40 ಪಂದ್ಯ, 1900 ರನ್, 3 ಶತಕ. ಒಂದು ದಿನದ ಆಟದಲ್ಲಿ 2011ರ ವಿಶ್ವಕಪ್ಪನ್ನೇ ಹೊತ್ತು ತಂದರು. 358 ನಿಜವೇ ಆಗಿತ್ತು. ಅದು ತೋರಿಸಿದ ದಾರಿ ಮಾತ್ರ ಅವರು ನಡೆದ ದಾರಿಯಲ್ಲ.

ಇನ್ನೂ ಬೇಕೆ? ಅದೇ ಕೂಚ್ ಬೆಹಾರ್‌ನಲ್ಲಿ 2011ರಲ್ಲಿ ಮಹಾರಾಷ್ಟ್ರದ ವಿಜಯ್ ಜೋಲ್ ಅಜೇಯ 451 ಹೊಡೆದಿದ್ದರು. 2014ರ ಅಂಡರ್-19 ವಿಶ್ವಕಪ್‌ನಲ್ಲಿ ಭಾರತದ ನಾಯಕರೂ ಅವರೇ. ಹಿರಿಯರ ತಂಡದ ಟೋಪಿ ಮಾತ್ರ ತಲೆಗೆ ಬರಲಿಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಭವಿಷ್ಯವನ್ನೂ ಹೇಳುವುದಿಲ್ಲ.

ಎರಡನೆಯ ಮಾತು: "ದೊಡ್ಡವರ ಹೆಸರು ಹೇಳಿದರೆ ಹುಡುಗರಿಗೆ ಹುರುಪು ಬರ್ತದೆ. ನೀವು ಅದಕ್ಕೂ ಕಲ್ಲು ಹಾಕ್ತೀರಿ."

ಹುರುಪು ಬರುತ್ತದೋ ಹೊರೆಯಾಗುತ್ತದೋ ಎಂಬುದನ್ನು ನೋಡಲು ಅದೇ ಶಿವಮೊಗ್ಗದ ತಂಡವನ್ನು ನೋಡಿ. ಆ ಹನ್ನೊಂದರಲ್ಲಿ ಸಮಿತ್ ದ್ರಾವಿಡ್ ಕೂಡ ಇದ್ದ. ಒಬ್ಬ ಹುಡುಗ 404 ಹೊಡೆದ ದಿನವೂ ಇಲ್ಲಿ ನನ್ನನ್ನು ಜನ ಮೊದಲು ಕೇಳಿದ್ದು "ದ್ರಾವಿಡ್ ಮಗ ಎಷ್ಟು ಹೊಡೆದ?" ಅಂತ. ಪ್ರಖರನಿಗೆ ಅದರಿಂದ ಬಂದ ಹುರುಪು ಯಾವುದು? ಸಮಿತ್‌ಗೆ ಬಂದದ್ದು ಯಾವುದು?

ಕರುಣ್ ನಾಯರ್ ಕಥೆ ಇನ್ನೂ ಕಹಿ. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ರಣಜಿ ಫೈನಲ್‌ನಲ್ಲಿ 328. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303, ಅದೂ ಮೂರನೇ ಟೆಸ್ಟ್‌ನಲ್ಲೇ. ಆಗ ಅವರನ್ನು ಯಾರಿಗೆ ಹೋಲಿಸಲಿಲ್ಲ ಹೇಳಿ? ಮುಂದಿನ ಟೆಸ್ಟ್‌ಗೆ ಅವರು ಹನ್ನೊಂದರಲ್ಲೇ ಇರಲಿಲ್ಲ. ಆಸ್ಟ್ರೇಲಿಯಾ ವಿರುದ್ಧ ಸಿಕ್ಕ ನಾಲ್ಕು ಇನ್ನಿಂಗ್ಸ್‌ನಲ್ಲಿ 26, 0, 23, 5. ಅಲ್ಲಿಗೆ ಬಾಗಿಲು ಮುಚ್ಚಿತು. ಕರ್ನಾಟಕದ ತಂಡದಲ್ಲೂ ಜಾಗ ಹೋಯಿತು, ವಿದರ್ಭಕ್ಕೆ ಹೋದರು, ಅಲ್ಲಿ 2024-25ರ ರಣಜಿಯಲ್ಲಿ 863 ರನ್ ಹೊಡೆದು ಕಪ್ ಗೆಲ್ಲಿಸಿದರು. ಮತ್ತೆ ಟೆಸ್ಟ್ ಆಡಿದ್ದು 2025ರ ಜೂನ್‌ನಲ್ಲಿ, ಎಂಟು ವರ್ಷ ಕಳೆದ ಮೇಲೆ.

ಈಗ ಇದರ ಪಕ್ಕದಲ್ಲಿ ದ್ರಾವಿಡರ ಒಂದು ಸರಣಿ ಇಟ್ಟು ನೋಡಿ. ಇದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ, ಅದಕ್ಕೇ ಎತ್ತುತ್ತೇನೆ. 1999-2000ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ದ್ರಾವಿಡ್ ಮೂರು ಟೆಸ್ಟ್‌ಗಳಲ್ಲಿ ಒಟ್ಟು ಹೊಡೆದದ್ದು 93. ಸರಾಸರಿ 15.50. 2001ರ ಕೋಲ್ಕತ್ತ ಟೆಸ್ಟ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ ಅವರ ಮೂರನೇ ಕ್ರಮಾಂಕವನ್ನು ಲಕ್ಷ್ಮಣ್‌ಗೆ ಕೊಟ್ಟು ಅವರನ್ನು ಆರಕ್ಕೆ ಇಳಿಸಿದ್ದರು. ಆ ಆರರಲ್ಲೇ ನಿಂತು 180 ಹೊಡೆದರು, ಇಬ್ಬರೂ ಸೇರಿ 376 ಕೂಡಿಸಿದರು, ನಾಲ್ಕನೇ ದಿನ ಪೂರ್ತಿ ಒಂದು ವಿಕೆಟ್ಟೂ ಬೀಳಲಿಲ್ಲ. 2003-04ರಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ಹೋದಾಗ ಅದೇ ಮನುಷ್ಯ 619 ರನ್ ಹೊಡೆದರು. ಅಡಿಲೇಡ್‌ನಲ್ಲಿ 233 ಮತ್ತು ಅಜೇಯ 72. ನೀವು 'ದ್ರಾವಿಡ್' ಎನ್ನುವುದು ಈ ಎರಡನೇ ಪ್ರವಾಸದವರನ್ನು. ಮೊದಲನೇ ಪ್ರವಾಸದವರನ್ನು ಆಯ್ಕೆಗಾರರು ಕೈಬಿಟ್ಟಿದ್ದರೆ ಇವರು ಇರುತ್ತಲೇ ಇರಲಿಲ್ಲ. ಕರುಣ್‌ಗೆ ನಾಲ್ಕು ಇನ್ನಿಂಗ್ಸ್ ಕೊಟ್ಟು ದ್ರಾವಿಡರ ಹೆಸರು ಹೇಳುವುದು ಯಾವ ನ್ಯಾಯ? ಹೆಸರು ಕೊಟ್ಟಿರಿ, ಆ ಹೆಸರಿಗೆ ಸಿಕ್ಕಿದ ಕಾಲ ಕೊಡಲಿಲ್ಲ.

ಮೂರನೆಯವರು ಸಣ್ಣ ವಯಸ್ಸಿನ ಹುಡುಗರು. ಅವರ ವಾದ ಇನ್ನೊಂದು ತುದಿಯಿಂದ: "ದ್ರಾವಿಡ್ ಈಗಿನ ಆಟಕ್ಕೆ ಆಗೂದೇ ಇಲ್ಲ, ನಮ್ಮ ಹುಡುಗರು ಆಗಲೇ ಅವರಿಗಿಂತ ಮುಂದೆ."

ಇವರಿಗೆ ಹೆಚ್ಚು ಹೇಳುವುದಿಲ್ಲ. 1999ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ರನ್ ಹೊಡೆದವರ ಹೆಸರು ಹುಡುಕಿ: 461, ದ್ರಾವಿಡ್. 2003ರಲ್ಲಿ ಹೈದರಾಬಾದ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 22 ಎಸೆತಕ್ಕೆ 50. ಭಾರತಕ್ಕೆ ಅವರು ಆಡಿದ ಒಂದೇ ಒಂದು ಟಿ20 ಪಂದ್ಯ 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ. 38 ವರ್ಷದ ಆ ಮನುಷ್ಯ ಅಂದು ಸಮಿತ್ ಪಟೇಲ್‌ಗೆ ಸತತ ಮೂರು ಸಿಕ್ಸರ್ ಎತ್ತಿದರು. ಮುಂದೆ ಹೋಗೋಣ.

ನಾಲ್ಕನೆಯ ಆಕ್ಷೇಪವೇ ನನಗೆ ನಿಜವಾಗಿ ರುಚಿಸಿದ್ದು. ಕೇಳಿದವರು ಆಟದ ಹುಚ್ಚಿನವರು. ಈ ಸೀಮೆಯಲ್ಲಿ ಬರೀ 'ಆಟ' ಎಂದರೆ ಯಕ್ಷಗಾನ ಎಂದು ಹೊರಗಿನವರಿಗೆ ಹೇಳಬೇಕಾಗುತ್ತದೆ. ಅವರೆಂದರು: "ರಂಗಸ್ಥಳಕ್ಕೆ ಹೊಸ ಕೀಚಕ ಬಂದ ಕೂಡಲೇ ನಾವೆಲ್ಲ ಚಿಟ್ಟಾಣಿಯವರಿಗೆ ಹೋಲಿಸೂದಿಲ್ವ? ನೀವೂ ಹೋಲಿಸಿದವರೇ. ಕ್ರಿಕೆಟ್ಟಿಗೆ ಮಾತ್ರ ಬೇರೆ ಶಾಸ್ತ್ರ ಎಂತಕ್ಕೆ?"

ಹೋಲಿಸಿದ್ದೇನೆ. ಇನ್ನು ಮುಂದೆಯೂ ಹೋಲಿಸುತ್ತೇನೆ. ಹೊನ್ನಾವರ ತಾಲೂಕಿನವರಿಗೆ ಈ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು ಇಲ್ಲಿ. ಯಕ್ಷಗಾನಕ್ಕೆ 2012ರಲ್ಲಿ ಪದ್ಮಶ್ರೀ ತಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಊರೂ ಇಲ್ಲೇ. ಆದರೆ ಆಟ ನೋಡಿ ಬೆಳಗಿನ ಜಾವ ಮನೆಗೆ ಬರುತ್ತ ನಾವು ಜಗಳವಾಡುವುದು ಯಾವುದರ ಬಗ್ಗೆ? ಪ್ರಸಂಗ ಅದೇ, ಪದ್ಯ ಅದೇ, ಭಾಗವತರು ಎತ್ತಿದ ತಾಳವೂ ಅದೇ. ಸೈರಂಧ್ರಿಯನ್ನು ಕಂಡ ಕೀಚಕ ಆ ಪದ್ಯಕ್ಕೆ ಕಣ್ಣು ಹೇಗೆ ಅರಳಿಸಿದ, ಕತ್ತು ಎಲ್ಲಿ ಕೊಂಕಿಸಿದ, ಚಂಡೆಯ ಪೆಟ್ಟಿಗೆ ಹೆಜ್ಜೆ ಎಲ್ಲಿ ನಿಲ್ಲಿಸಿದ, ಇಷ್ಟೇ. ನಾವು ಹೋಲಿಸುವುದು ಒಂದು ರಾತ್ರಿಯ ಒಂದು ಪದ್ಯವನ್ನು. ಇಪ್ಪತ್ತರ ಹುಡುಗನ ಬಾಳನ್ನು ಎಂಬತ್ತು ದಾಟಿದ ಕಲಾವಿದರ ಬಾಳಿಗೆ ಹಿಡಿದು ತೂಗುವುದಿಲ್ಲ. ಕ್ರಿಕೆಟ್‌ನಲ್ಲೂ ಹಾಗೆ ಹೋಲಿಸಿ, ಬೇಡವೆಂದವರು ಯಾರು? ಸ್ಪಿನ್ನರ್‌ಗೆ ಮುಂಗಾಲಿಟ್ಟು ಆಡುವುದನ್ನು ಹೋಲಿಸಿ, ಹೊರ ಹೋಗುವ ಚೆಂಡನ್ನು ಬಿಡುವುದನ್ನು ಹೋಲಿಸಿ.

ಇನ್ನೂ ಒಂದಿದೆ. ಚಿಟ್ಟಾಣಿಯವರ ಕುಣಿತವನ್ನು ಹಾಗ್‌ಹಾಗೇ ಎತ್ತಿಕೊಂಡ ಹುಡುಗರಿಗೆ ಮೊದಲ ಒಂದೆರಡು ಹಂಗಾಮು ಸೀಟಿ ಬೀಳುತ್ತದೆ. ಆಮೇಲೆ ಅದೇ ಪ್ರೇಕ್ಷಕರು 'ನಕಲು' ಎಂದು ಪಕ್ಕಕ್ಕೆ ಸರಿಸುತ್ತಾರೆ. ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು ಎರಡನೇ ಶಿವರಾಮ ಹೆಗಡೆ ಆಗಲು ಹೊರಡಲಿಲ್ಲ. ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದರು, ಅಪ್ಪನ ಮೇಳವನ್ನು ತಮ್ಮ ದಾರಿಯಲ್ಲಿ ನಡೆಸಿದರು, ಗುಣವಂತೆಯಲ್ಲಿ ಕಲಾಕೇಂದ್ರ ಕಟ್ಟಿದರು. ನನ್ನ ವಿರೋಧಿಗಳು ಎತ್ತಿದ ಉದಾಹರಣೆಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದೆ.

ಕರ್ನಾಟಕದ ಕ್ರಿಕೆಟ್‌ನಲ್ಲೂ ಇದೇ ಆಗಿದೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1967ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್: ಒಂದು ಇನ್ನಿಂಗ್ಸ್‌ನಲ್ಲಿ ಸೊನ್ನೆ, ಇನ್ನೊಂದರಲ್ಲಿ 137. ಆ ಮಣಿಕಟ್ಟು, ಆ ಸ್ಕ್ವೇರ್ ಕಟ್ ನೋಡಿದವರು ಅದೇ ಅಳತೆಗೋಲು ಹಿಡಿದು ದ್ರಾವಿಡರನ್ನು ನೋಡಿದ್ದರೆ ಮೊದಲ ವರ್ಷವೇ ನಪಾಸು ಮಾಡುತ್ತಿದ್ದರು. ವಿಶ್ವನಾಥರಲ್ಲಿ ಇದ್ದದ್ದು ದ್ರಾವಿಡರಲ್ಲಿ ಇರಲಿಲ್ಲ. ದ್ರಾವಿಡರಲ್ಲಿ ಇದ್ದದ್ದು, ಅಂದರೆ ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸುವ ಛಲ, ಬೇರೆ ಯಾರಲ್ಲೂ ಇರಲಿಲ್ಲ.

ಕೊನೆಯದು ಮೊದಲೇ ಹೇಳಿದ ಹೊಟ್ಟೆಯುರಿಯ ಆರೋಪ: ಹಳಬರು ಹೊಸಬರನ್ನು ಒಪ್ಪುವುದಿಲ್ಲ.

ನಾನು ಒಪ್ಪಿದ್ದೇನೆ, ಕುಣಿದಿದ್ದೇನೆ. 2025ರ ಜನವರಿಯಲ್ಲಿ ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿ ಫೈನಲ್. ಎದುರಿಗೆ ವಿದರ್ಭ, ಅದರ ನಾಯಕ ನಮ್ಮದೇ ಕರುಣ್. ಆ ಟೂರ್ನಿಯಲ್ಲಿ ಅವರನ್ನು ಔಟ್ ಮಾಡುವುದೇ ಬೌಲರ್‌ಗಳಿಗೆ ದೊಡ್ಡ ಕೆಲಸವಾಗಿತ್ತು. ಅಂಥ ದಿನ ಸ್ಮರಣ್ 101 ಹೊಡೆದ, ಕರ್ನಾಟಕ 348 ಮಾಡಿತು, 36 ರನ್‌ಗಳಿಂದ ಗೆದ್ದಿತು. ಎಡಗೈ ಆಟಗಾರ. ಅವನ ಕವರ್ ಡ್ರೈವ್ ನೋಡಿ ನನಗೆ ಯಾರ ನೆನಪೂ ಆಗಲಿಲ್ಲ, ಅವನನ್ನೇ ನೋಡುತ್ತಿದ್ದೆ. ಅವನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದೇ ಎಂದು ನನ್ನ ಲೆಕ್ಕ. ಹೊಟ್ಟೆಯುರಿ ಯಾರದ್ದು? ಹುಡುಗನನ್ನು ಅವನ ಹೆಸರಿನಿಂದಲೇ ಕರೆಯುವವನದ್ದೋ, ಇನ್ನೊಬ್ಬರ ಅಂಗಿ ತೊಡಿಸಿ ನೋಡುವವನದ್ದೋ?

ಇಷ್ಟರ ಮೇಲೂ ಹೋಲಿಸಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಹದಿನೆಂಟಕ್ಕೆ ಹದಿನೆಂಟು ಹೋಲಿಸಿ. 1991ರ ಫೆಬ್ರವರಿಯಲ್ಲಿ, ಇನ್ನೂ ಓದುತ್ತಿದ್ದ ಹುಡುಗ ರಾಹುಲ್ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯ ಆಡಿ 82 ಹೊಡೆದ. ಆಮೇಲೆ ಐದು ವರ್ಷ ದೇಶಿ ಕ್ರಿಕೆಟ್‌ನಲ್ಲೇ ಬೆವರು ಹರಿಸಿದ. 1996ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ಮೊದಲ ಒಂದು ದಿನದ ಪಂದ್ಯ, ಅದರಲ್ಲಿ 3 ರನ್. ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಬಂದದ್ದು ಏಳನೇ ಕ್ರಮಾಂಕದಲ್ಲಿ, ಔಟಾದದ್ದು ಶತಕಕ್ಕೆ 5 ಇರುವಾಗ. ಮೊದಲ ಟೆಸ್ಟ್ ಶತಕಕ್ಕೆ 1997ರ ಜನವರಿಯವರೆಗೆ, ಜೋಹಾನ್ಸ್‌ಬರ್ಗ್‌ವರೆಗೆ ಕಾಯಬೇಕಾಯಿತು. ಈ ದ್ರಾವಿಡ್ ಜೊತೆ ಪ್ರಖರ್, ಸ್ಮರಣ್ ಇಬ್ಬರನ್ನೂ ಧಾರಾಳವಾಗಿ ಹೋಲಿಸಿ. ಕೆಲವು ಲೆಕ್ಕದಲ್ಲಿ ನಮ್ಮ ಹುಡುಗರೇ ಮುಂದಿದ್ದಾರೆ, ಅದಕ್ಕೆ ಸಿಹಿ ಹಂಚುವವರಲ್ಲಿ ನಾನೂ ಒಬ್ಬ.

ಆದರೆ ಹಾಗೆ ಹೋಲಿಸಿದವರು ಆ ಐದು ವರ್ಷವನ್ನೂ ಹುಡುಗರಿಗೆ ಕೊಡಬೇಕು. ಮುಂದಿನ ರಣಜಿ ಹಂಗಾಮಿನಲ್ಲಿ ಇವರು ಮೂರು ಸಲ ಸಾಲಾಗಿ ಸೊನ್ನೆಗೆ ಔಟಾದರೂ ಟಿವಿ ಬಂದ್ ಮಾಡದೆ ನಾಲ್ಕನೇ ಇನ್ನಿಂಗ್ಸ್ ನೋಡಿ.